ನಿಮಗಿದು ಗೊತ್ತೆ? ಹೊಸ್ತಿಲು ದಾಟಿದರೆ ಮರೆವು!

ಕೊಡಗಿನ ಕರಿಕೆಯ ತೋಟದ ಮನೆಯೊಂದರಲ್ಲಿ ಕತ್ತಿ ತರಲೆಂದು ಅಂಗಳದಿಂದ ಒಳಗೆ ಹೋದವರು ‘ಬಂದದ್ದು ಯಾಕೆ?’ ಎಂದು ತಲೆ ಕೆರೆದುಕೊಂಡು ನಿಲ್ಲುವುದುಂಟು. ವಯಸ್ಸಾಯಿತೆಂದು ಹೆದರಬೇಡಿ, ಕಾಲೇಜು ಹುಡುಗರಿಗೂ ಹೀಗಾಗುತ್ತದೆ. ಅಮೆರಿಕದ ನಾಟರ್‌ಡೇಮ್ ವಿಶ್ವವಿದ್ಯಾಲಯದ ಗೇಬ್ರಿಯಲ್ ರಾಡ್ವಾನ್‌ಸ್ಕಿ ತಂಡ 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಂದೇ ಕೋಣೆಯೊಳಗೆ ಅಷ್ಟೇ ದೂರ ನಡೆದಾಗಿನದಕ್ಕಿಂತ ಬಾಗಿಲು ದಾಟಿದಾಗ ವಿದ್ಯಾರ್ಥಿಗಳು ತಾವು ಹೊತ್ತ ವಸ್ತು ಯಾವುದೆಂದು ಹೆಚ್ಚು ಮರೆತರು. ಬಾಗಿಲು ದಾಟಿದೊಡನೆ ಮಿದುಳು ಹಳೆಯ ಕಡತ ಮುಚ್ಚಿ ಹೊಸದನ್ನು ತೆರೆಯುತ್ತದೆ ಎಂಬುದು ಅವರ ವಿವರಣೆ. ಮೊದಲಿನ ಕೋಣೆಗೆ ಮರಳಿದರೆ ನೆನಪಾಗುತ್ತದೆ ಅನ್ನುತ್ತೇವಲ್ಲ? ಆ ಪ್ರಯೋಗದಲ್ಲಿ ಅದೂ ನೆರವಿಗೆ ಬರಲಿಲ್ಲ.

ಆದರೆ ದೋಷವೆಲ್ಲ ಬಾಗಿಲಿನದಲ್ಲ. 2021ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಅಧ್ಯಯನದಲ್ಲಿ ಸುಮ್ಮನೆ ಬಾಗಿಲು ದಾಟಿದವರಿಗೆ ಅಷ್ಟೇನೂ ಮರೆವಾಗಲಿಲ್ಲ. ಮನಸ್ಸಿನಲ್ಲೇ ಲೆಕ್ಕ ಹಾಕುತ್ತ ದಾಟಿದವರು ಎಡವಿದರು. ಅಡಕೆ ದರ, ಬಿಡದ ಮಳೆ, ಕೈಯಲ್ಲಿ ಮೊಬೈಲ್: ತಲೆಯಲ್ಲಿ ಜಾಗವೆಲ್ಲಿದೆ? ಹೀಗಾಗಿ ಕರಿಕೆಯಿಂದ ಸಾಮಾನಿಗೆಂದು ಘಟ್ಟ ಹತ್ತಿ ಭಾಗಮಂಡಲಕ್ಕೆ ಹೋಗುವವರಿಗೆ ಚೀಟಿಯೇ ಗತಿ.

ಕತ್ತಿ ಮರೆತರೆ ಚಿಂತೆಯಿಲ್ಲ. ದಿನನಿತ್ಯ ನಡೆವ ದಾರಿಯೇ ತಪ್ಪತೊಡಗಿದರೆ ಮಾತ್ರ ವೈದ್ಯರನ್ನು ಕಾಣಬೇಕು.