ದಂಡಾವತಿಯ ದಂಡೆಯಲ್ಲಿ ಒಂದು ಮುಂಜಾವು

ಇಂಗ್ಲಿಷ್ ತರಗತಿಯಲ್ಲಿ ಒಮ್ಮೆ ಟ್ರೌಟ್ ಮೀನಿನ ಪ್ರಸ್ತಾಪ ಬಂದಿತು. ಹಿಂದಿನ ಬೆಂಚಿನ ಗೆಳೆಯನೊಬ್ಬನು, "ಸಾರ್, ಅದು ನಮ್ಮ ಸೊರಬದ ಹೊಳೆಯಲ್ಲಿ ಸಿಕ್ಕುತ್ತದೆಯೇ?" ಎಂದು ಕೇಳಿದಾಗ ಎಲ್ಲರೂ ನಕ್ಕರು. ಬಾಲ್ಯದಿಂದಲೂ ಗಾಳದ ಹುಚ್ಚು ಹಿಡಿದ ನಾನು ಮಾತ್ರ ನಗಲಿಲ್ಲ. ಆ ಪ್ರಶ್ನೆಗೆ ನನ್ನ ಅಲ್ಪಮತಿಗೆ ತೋಚಿದ ಉತ್ತರವೇ ಈ ಲೇಖನ.

ಟ್ರೌಟ್ ತಣ್ಣೀರಿನ ಮೀನು. ಪ್ರಾಣವಾಯು ಹೇರಳವಾಗಿ ಕರಗಿರುವ ತಂಪಾದ ತೊರೆಗಳಲ್ಲಿ ಮಾತ್ರ ಅದು ಬಾಳಬಲ್ಲುದು. ಆದುದರಿಂದಲೇ 20ನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ಅದನ್ನು ನೀಲಗಿರಿಯ ಎತ್ತರದ ತೊರೆಗಳಲ್ಲಿ ನೆಲೆಗೊಳಿಸಿದರು. ಗಾಳದ ಮುಳ್ಳಿಗೆ ಗರಿ, ನೂಲುಗಳನ್ನು ಸುತ್ತಿ ನೊಣದ ಆಕಾರ ಕೊಟ್ಟು, ಅದನ್ನು ನೀರಿನ ಮೇಲೆ ತೇಲಿಸಿ ಮೀನನ್ನು ವಂಚಿಸುವುದು ಆ ಬೇಟೆಯ ಮರ್ಮ. ನಮ್ಮ ದಂಡಾವತಿ, ವರದಾ, ಶಿಕಾರಿಪುರದ ಕುಮುದ್ವತಿಗಳ ನೀರು ಬೆಚ್ಚಗಿನದು. ಟ್ರೌಟ್ ಇಲ್ಲಿ ಬದುಕಲಾರದು.

ಆದರೆ ನೀರಿನ ಮೇಲ್ಮೈಗೆ ನೆಗೆದು ಇರೆಯನ್ನು ಕಚ್ಚುವ ಶೂರ ನಮ್ಮಲ್ಲಿಯೂ ಇದ್ದಾನೆ. ಅವನೇ ಕುಚ್ಚುಮೀನು. ಹಾವಿನಂಥ ತಲೆಯ ಈ ಮೀನಿಗೆ ಕಿವಿರುಗಳೊಂದೇ ಸಾಲವು. ಆಗಾಗ ಮೇಲೆ ಬಂದು ಗಾಳಿಯನ್ನು ನುಂಗಬೇಕು. ಮೇಲೆ ಬಾರದಂತೆ ತಡೆದರೆ ಮೀನಾಗಿದ್ದೂ ನೀರಿನಲ್ಲಿಯೇ ಉಸಿರುಕಟ್ಟಿ ಸಾಯುತ್ತದೆ! ಹಾಗೆ ಮೇಲೆ ಬಂದಾಗ ಏಳುವ ಗುಳ್ಳೆಯೇ ಗಾಳಗಾರನಿಗೆ ಅದರ ವಿಳಾಸ. ನಮ್ಮವರು ಸಣ್ಣ ಕಪ್ಪೆಯನ್ನು ಗಾಳಕ್ಕೆ ಸಿಕ್ಕಿಸಿ ನೀರಿನ ಮೇಲೆ ಕುಣಿಸುತ್ತಾರೆ. ಈಗ ರಬ್ಬರಿನ ಕಪ್ಪೆಯೂ ಬಂದಿದೆ. ಅವರದು ಗರಿಯ ನೊಣ, ನಮ್ಮದು ರಬ್ಬರಿನ ಕಪ್ಪೆ, ವಂಚನೆ ಒಂದೇ.

ಕಳೆದ ಆಷಾಢದ ಒಂದು ಭಾನುವಾರ, ಕೋಳಿ ಕೂಗುವ ಹೊತ್ತಿಗೆ ಕಂಬಳಿಕೊಪ್ಪೆ ಹಾಕಿಕೊಂಡು ಹೊರಟೆ. ದಂಡಾವತಿ ಉಕ್ಕಿ ಗದ್ದೆಯಂಚಿನ ತಗ್ಗಿನಲ್ಲಿ ನಿಂತಿತ್ತು. ಮಳೆ ಬಿಟ್ಟಿತ್ತು. ಆದರೂ ಒಂದು ಕಡೆ ಮಾತ್ರ ಹನಿ ಬಿದ್ದಂತೆ ನೀರು ಚಿಟಪಟನೆ ಮಿಡಿಯುತ್ತಿತ್ತು. ಬಗ್ಗಿ ನೋಡಿದರೆ ಕುಂಕುಮ ಕದಡಿದಂತೆ ಕೆಂಪು ಮರಿಗಳ ಹಿಂಡು, ಉಸಿರಿಗಾಗಿ ಮೇಲೇರುತ್ತಿದೆ! ಕೆಳಗೆ ದೊಡ್ಡದೊಂದು ಕಪ್ಪು ನೆರಳು.

ನನ್ನ ಎದೆ ಹೊಡೆದುಕೊಂಡಿತು. ಹಿಂಡಿನ ನಡುವೆಯೇ ಕಪ್ಪೆಯನ್ನು ಎಸೆದೆ. ಮೂರನೆಯ ಸಲ ನೀರು ಸಿಡಿಯಿತು, ಕೋಲು ಬಿಲ್ಲಾಯಿತು. ಹತ್ತು ನಿಮಿಷದ ಎಳೆದಾಟದ ತರುವಾಯ ಮೊಳಕ್ಕಿಂತ ಉದ್ದದ ಮೀನು ಹುಲ್ಲಿನ ಮೇಲೆ ಬಿದ್ದಿತು. ಜಯಘೋಷ ಮಾಡುವಷ್ಟರಲ್ಲಿ ದನ ಹೊಡೆದುಕೊಂಡು ಬಂದ ಹಿರಿಯರೊಬ್ಬರು ನಿಂತು, "ಕಾವಲಿನದನ್ನು ಎತ್ತಿದೆಯಲ್ಲೋ, ಮರಿಗಳ ಗತಿ?" ಎಂದರು.

ತಿರುಗಿ ನೋಡಿದೆ. ಕೆಂಪು ಹಿಂಡು ಚದುರಿತ್ತು. ಮಿಂಚುಳ್ಳಿಯೊಂದು ಎರಡು ಸಲ ಎರಗಿತು. ಕೆಳಗಿನಿಂದ ಬೇರೆ ಮೀನುಗಳು ಮರಿಗಳನ್ನು ನುಂಗುತ್ತಿದ್ದುದು ಅಲುಗಾಟದಿಂದಲೇ ತಿಳಿಯುತ್ತಿತ್ತು. ಕುಚ್ಚುಮೀನಿನಲ್ಲಿ ತಂದೆತಾಯಿಗಳು ಮೊಟ್ಟೆಯನ್ನೂ ಮರಿಯನ್ನೂ ಕಾಯುತ್ತವೆ. ಹತ್ತಿರ ಬಂದುದನ್ನು ಹಸಿವಿಲ್ಲದಿದ್ದರೂ ಕಚ್ಚಿ ಓಡಿಸುತ್ತವೆ. ಅದು ನನ್ನ ಕಪ್ಪೆಗೆ ಬಾಯಿ ಹಾಕಿದ್ದು ಆಸೆಯಿಂದಲ್ಲ, ಮರಿಗಳ ಮೇಲಿನ ಅಕ್ಕರೆಯಿಂದ. ನಾನು ಗೆದ್ದದ್ದು ಯಾವ ಜಾಣ್ಮೆಯಿಂದ?

ಗಾಳಿಯನ್ನು ಉಸಿರಾಡುವ ಜೀವಿಯಾದುದರಿಂದ ಮೀನು ಇನ್ನೂ ಗಟ್ಟಿಯಾಗಿತ್ತು. ಮುಳ್ಳು ಬಿಡಿಸಿ ನೀರಿಗೆ ಬಿಟ್ಟೆ. ಕ್ಷಣಕಾಲ ನಿಂತು, ಬಾಲ ಬೀಸಿ ಮರೆಯಾಯಿತು. ಬಹಳ ಹೊತ್ತು ಕಾದ ಮೇಲೆ ಜೊಂಡಿನ ಬುಡದಲ್ಲಿ ಕೆಂಪು ಬಣ್ಣ ಮತ್ತೆ ಕೂಡಿದಂತೆ ಕಂಡಿತು. ಆದರೆ ಮೊದಲಿನ ಅರ್ಧವೂ ಇರಲಿಲ್ಲ. ಮನೆಯಲ್ಲಿ ಮಸಾಲೆ ಅರೆದು ಕಾದಿದ್ದ ತಾಯಿಗೆ, "ಸಿಗಲಿಲ್ಲ" ಎಂದೆ. ಅಂದು ತಿಳಿಸಾರೇ ಗತಿಯಾಯಿತು.

ಗಾಳ ಹಾಕಬಾರದೆಂದು ನಾನು ಹೇಳುವುದಿಲ್ಲ. ನಮ್ಮ ಸೀಮೆಯ ಕೆರೆಬೇಟೆಯನ್ನೇ ನೋಡಿ. ಊರಿಗೆ ಊರೇ ಕೂಣಿ ಹಿಡಿದು ಕೆರೆಗೆ ಇಳಿಯುವುದು ನೀರು ಇಂಗಿದ ಬೇಸಿಗೆಯಲ್ಲಿ. ಕುಚ್ಚುಮೀನು ಮರಿಮಾಡುವುದು ಮಳೆಗಾಲದಲ್ಲಿ. ಬೇಟೆಗೊಂದು ಕಾಲವಿದೆ, ಬಿಡುವುದಕ್ಕೊಂದು ಕಾಲವಿದೆ. ಕೆಂಪು ಹಿಂಡು ಕಂಡಲ್ಲಿ ಕೋಲನ್ನು ಮಡಿಚಿ ಮುಂದೆ ಹೋಗಬೇಕು. ಗೆಳೆಯರೇ, ಹೊಳೆಯಲ್ಲಿ ಟ್ರೌಟ್ ಇಲ್ಲವೆಂಬ ಕೊರಗು ನಮಗೆ ಬೇಡ. ಇರುವ ಕುಚ್ಚುಮೀನು ಇಲ್ಲವಾಗದಿದ್ದರೆ ಸಾಕು.