ಉಡುಗೆಯ ಪದಗಳು ಬಂದ ದಾರಿ

ನಾವು ದಿನವೂ ಬಳಸುವ 'ಷರ್ಟು' ಎಂಬುದು ಅಪ್ಪಟ ಇಂಗ್ಲಿಷ್ ಪದ. 'ಸ್ಕರ್ಟು' ಅದರ ಒಡಹುಟ್ಟು. ಮೊಟಕಾದುದು ಎಂಬ ಅರ್ಥದ ಒಂದೇ ಮೂಲದಿಂದ ಇವೆರಡೂ ಹುಟ್ಟಿದವು. ಮೊದಲನೆಯದು ಇಂಗ್ಲೆಂಡಿನಲ್ಲಿಯೇ ಬೆಳೆಯಿತು. ಎರಡನೆಯದು ಸ್ಕ್ಯಾಂಡಿನೇವಿಯದವರೊಡನೆ ಅಲ್ಲಿಗೆ ಬಂದು, ಸೊಂಟದ ಕೆಳಗಿನ ಉಡುಪಿಗೆ ಹೆಸರಾಯಿತು.

ಆದರೆ ಇಂಗ್ಲಿಷರ ಉಡುಗೆಯ ಪದಗಳೆಲ್ಲ ಹೀಗೆ ಮನೆಯಲ್ಲಿ ಹುಟ್ಟಿದವುಗಳಲ್ಲ. ಎಷ್ಟೋ ಪದಗಳು ನಮ್ಮ ದೇಶದಿಂದ ಹಡಗನ್ನೇರಿ ಹೋದವು. 'ಪೈಜಾಮ'ವನ್ನೇ ನೋಡಿ. ಪಾರಸಿಯಲ್ಲಿ 'ಪಾಯ್' ಎಂದರೆ ಕಾಲು, 'ಜಾಮಾ' ಎಂದರೆ ಉಡುಪು. ಇಲ್ಲಿಯ ಜನ ಹಗಲು ತೊಡುತ್ತಿದ್ದುದನ್ನು ಇಂಗ್ಲಿಷರು ಮಲಗುವಾಗ ತೊಟ್ಟರು. ಅವರ ಭಾಷೆಯಲ್ಲಿ ಅದು ರಾತ್ರಿಯ ಉಡುಪೇ ಆಗಿಹೋಯಿತು! ಮುಂಬಯಿಯ ಡೋಂಗ್ರಿಯ ಒರಟು ಬಟ್ಟೆ 'ಡಂಗರೀಸ್' ಎಂಬ ಕೆಲಸಗಾರರ ಉಡುಪಾಯಿತು. ನಾವು ಚೀಟಿಬಟ್ಟೆ ಎನ್ನುವ, ಹೂಬಳ್ಳಿಗಳ ಅಚ್ಚೊತ್ತಿದ ಹತ್ತಿಬಟ್ಟೆಯೇ ಅವರ 'ಚಿಂಟ್ಸ್'.

ಇವುಗಳಲ್ಲಿ 'ಕ್ಯಾಲಿಕೋ' ಎಂಬ ಪದದ ಕಥೆ ದೊಡ್ಡದು. 1498ರಲ್ಲಿ ವಾಸ್ಕೋ ಡ ಗಾಮ ಬಂದಿಳಿದ ಕಲ್ಲಿಕೋಟೆಯೇ ಈ ಹೆಸರಿನ ಮೂಲ. ಗುಜರಾತಿನಲ್ಲಿ ನೇಯ್ದುದಾಗಲಿ, ಕೋರಮಂಡಲ ತೀರದಲ್ಲಿ ನೇಯ್ದುದಾಗಲಿ, ಇಂಗ್ಲಿಷರಿಗೆ ಹತ್ತಿಬಟ್ಟೆಯೆಲ್ಲವೂ ಕ್ಯಾಲಿಕೋ. ಅದು ಹಗುರ, ಒಗೆದರೂ ಬಣ್ಣ ಬಿಡದು, ಬೆಲೆಯೂ ಕಡಿಮೆ. ಅಲ್ಲಿಯ ಹೆಂಗಸರು ಅದಕ್ಕೆ ಮನಸೋತರು. ಉಣ್ಣೆ, ರೇಷ್ಮೆಗಳ ನೇಕಾರರು ಕಂಗಾಲಾದರು. ಬಣ್ಣದ ಅಚ್ಚಿನ ಕ್ಯಾಲಿಕೋವನ್ನು ಪರದೇಶದಿಂದ ತಂದು ಉಡಬಾರದೆಂದು 1700ರಲ್ಲಿ ಅಲ್ಲಿಯ ಸಂಸತ್ತು ಕಾನೂನು ಮಾಡಿತು. ಅದರಿಂದಲೂ ಬೇಡಿಕೆ ತಗ್ಗಲಿಲ್ಲ. 1719ರಲ್ಲಿ ಲಂಡನ್ನಿನ ನೇಕಾರರು ಬೀದಿಯಲ್ಲಿಯೇ ಹೆಂಗಸರ ಮೈಮೇಲಿನ ಕ್ಯಾಲಿಕೋ ಉಡುಪನ್ನು ಹರಿದರು, ಮಸಿ ಎರಚಿದರು. ಅವರ ಹಸಿವು ನಿಜವಾದದ್ದೇ. ಆದರೆ ಅದಕ್ಕೆ ಆ ಹೆಂಗಸರೇನು ಮಾಡಿಯಾರು? 1721ರಲ್ಲಿ ಇನ್ನೂ ಕಠಿಣವಾದ ಕಾನೂನು ಬಂದಿತು. 1774ರಲ್ಲಿ ಅದು ಸಡಿಲಗೊಂಡದ್ದು ಇಂಗ್ಲೆಂಡಿನಲ್ಲಿಯೇ ನೇಯ್ದ ಹತ್ತಿಬಟ್ಟೆಗೆ ಎಡೆಮಾಡಿಕೊಡಲು.

ಅಷ್ಟರಲ್ಲಿ ಅಲ್ಲಿ ನೂಲುವ ಯಂತ್ರಗಳು ಬಂದಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಲ್ಯಾಂಕಾಷೈರಿನ ಗಿರಣಿಬಟ್ಟೆ ಭಾರತದ ಪೇಟೆಗಳನ್ನು ತುಂಬಿತು. ನಮ್ಮ ಅಸಂಖ್ಯಾತ ನೇಕಾರರ ಮಗ್ಗಗಳು ನಿಂತುಹೋದವು. ಕಲ್ಲಿಕೋಟೆಯ ಹೆಸರನ್ನು ಹೊತ್ತ ಬಟ್ಟೆ ಈಗ ಅಲ್ಲಿಂದ ಇಲ್ಲಿಗೆ ಬರತೊಡಗಿತ್ತು.

ಪದ ಮಾತ್ರ ಅಳಿಯಲಿಲ್ಲ. ಇಂದು ಇಂಗ್ಲೆಂಡಿನ ಅಂಗಡಿಯಲ್ಲಿ ಕ್ಯಾಲಿಕೋ ಕೇಳಿದರೆ ಬಿಳುಪು ಮಾಡದ ಸಾದಾ ಹತ್ತಿಬಟ್ಟೆಯನ್ನು ತೆಗೆದು ತೋರಿಸುತ್ತಾರೆ. ಅಮೆರಿಕದಲ್ಲಿ ಅದೇ ಹೆಸರಿಗೆ ಚಿಕ್ಕ ಚಿಕ್ಕ ಹೂವುಗಳ ಅಚ್ಚಿನ ಬಟ್ಟೆ ಬರುತ್ತದೆ.