ಸವಣೂರಿನ ಮೂರು ಮರಗಳು

ಛಾಯಾಚಿತ್ರಕಲೆಯಲ್ಲಿ ನನಗೆ ಗುರುವಿಲ್ಲ. ಶಾಲೆಯ ರಜೆಗಳಲ್ಲಿ ಕೆಡಿಸಿ ಕೆಡಿಸಿಯೇ ಕಲಿತೆನು. ನಡುಹಗಲಿನ ಬಿಸಿಲು ಕೆತ್ತನೆಯನ್ನು ನುಂಗಿಬಿಡುವದೆಂದೂ, ಓರೆಯಾಗಿ ಬೀಳುವ ಎಳೆಬಿಸಿಲೇ ಅದನ್ನು ಎತ್ತಿ ತೋರಿಸುವದೆಂದೂ ಹಾನಗಲ್ಲಿನ ತಾರಕೇಶ್ವರ ದೇವಾಲಯದ ಹೊರಗೋಡೆಯೇ ನನಗೆ ಕಲಿಸಿತು.

ಅಮೇರಿಕೆಯ ನಿಸರ್ಗಚಿತ್ರಕಾರನಾದ ಆನ್ಸೆಲ್ ಆಡಮ್ಸ್ (1902-1984) ಎಂಬವನೂ ಬಹುಮಟ್ಟಿಗೆ ತಾನಾಗಿಯೇ ಕಲಿತವನು. ಮೊದಲು ಪಿಯಾನೋ ವಾದಕನಾಗಿದ್ದ ಆತನ ಮತದಲ್ಲಿ ನೆಗೆಟಿವು ಸ್ವರಲಿಪಿಯಿದ್ದಂತೆ, ಮುದ್ರಿತ ಚಿತ್ರವು ವಾದನವಿದ್ದಂತೆ. ಈ ಮಾತಿನ ಬಲದಿಂದ ನಾನೂ ಗಣಕಯಂತ್ರದಲ್ಲಿ ನೆರಳನ್ನು ತಿಳಿಗೊಳಿಸುತ್ತ, ಆಕಾಶವನ್ನು ಗಾಢಗೊಳಿಸುತ್ತ ಬಂದೆನು.

ಸವಣೂರಿನಲ್ಲಿ ದೊಡ್ಡ ಹುಣಸೆಯೆಂದು ಜನರು ಕರೆಯುವ ಮರಗಳು ಮೂರು. ಜಾತಿಯು ಮಾತ್ರ ಆಫ್ರಿಕೆಯ ಬಾವೊಬಾಬ್. ನನ್ನ ಚಿತ್ರದಲ್ಲಿ ಅಂಚಿಗೆ ಬಿದ್ದ ಒಂದು ಮರವು ಸಮತೋಲವನ್ನು ಕೆಡಿಸುವದೆಂದೆಣಿಸಿ, ಅದನ್ನು ಕತ್ತರಿಸಿ ಉಳಿದೆರಡಕ್ಕೆ ಚೌಕಟ್ಟು ಹಾಕಿಸಿದೆನು. “ಮರಾ ಮೂರು ಅದಾವಲ್ಲರೀ?” ಎಂದು ನಮ್ಮ ಮನೆಯವರು ಆಗಲೇ ಕೇಳಿದ್ದರು, ಕಲೆಯ ಮರ್ಮವು ಇವರಿಗೇನು ತಿಳಿಯಬೇಕೆಂದು ಸುಮ್ಮನಾದೆನು.

2023ರ ಮಳೆಗೆ ಮೂರರಲ್ಲೊಂದು ಬುಡಸಹಿತ ಉರುಳಿತು. ಅದನ್ನು ಮತ್ತೆ ನೆಟ್ಟು ಉಳಿಸುವ ಯತ್ನವು ನಡೆಯಿತು. ಉರುಳಿದ್ದು ನಾನು ಕತ್ತರಿಸಿದ ಮರವೇ! ಮೂಲಪ್ರತಿಯನ್ನು ಅಳಿಸಿರಲಿಲ್ಲವೆಂಬದೊಂದೇ ಪುಣ್ಯ. ಈಗ ಗೋಡೆಯ ಮೇಲಿರುವದು ಸಮತೋಲವಿಲ್ಲದ ಆ ಮೂರು ಮರಗಳ ಚಿತ್ರವೇ.